ಹಲೀಮಾ ಕೊಟ್ಟ ಉದಾಹರಣೆಗಳು

೨೦೧೪ರ ಬೇಸಿಗೆ. ಭಾಷಾವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ನನ್ನ ತಂಗಿ ಸರಿತಾ ದುಬೈಗೆ, ಅಲ್ ನಹ್ದಾದ ನಮ್ಮ ಫ್ಲಾಟಿಗೆ ಬಂದಿದ್ದಳು. ಇಂಡೋನೇಷ್ಯಾದಲ್ಲಿದ್ದು ಅಲ್ಲಿನ ಭಾಷೆ ಕಲಿತವಳು. ಅಲ್ಲಿ ಲೊಂಬೊಕ್ ಎಂಬ ದ್ವೀಪ, ದ್ವೀಪದವರಿಗೆ ಸಾಸಕ್ ಎಂಬ ಭಾಷೆ. ಅದರ ಒಂದು ಸೀಮೆಯ ಆಡುಮಾತಿನಲ್ಲಿ ಕರ್ಮಣಿ ಪ್ರಯೋಗ ಹೇಗಿರುತ್ತದೆ ಎಂಬುದು ಇವಳ ವಿಷಯವಂತೆ. ಶಾಲೆಯಲ್ಲಿ 'ರಾಮನಿಂದ ರಾವಣನು ಕೊಲ್ಲಲ್ಪಟ್ಟನು' ಎಂದು ಬಾಯಿಪಾಠ ಮಾಡಿದ್ದು ಬಿಟ್ಟರೆ ನನಗೆ ಅದರ ಗಂಧಗಾಳಿ ಇಲ್ಲ.

ಎದುರು ಫ್ಲಾಟಿನ ಶೈಲಕ್ಕನ ಮನೆಗೆಲಸದ ಹಲೀಮಾ ಅದೇ ಸೀಮೆಯವಳು. ಶೈಲಕ್ಕ ಉಡುಪಿ ಕಡೆಯವರು, ಪತ್ರೊಡೆ ಮಾಡಿದರೆ ನಮಗೂ ಕಳಿಸುವವರು. ಹಲೀಮಾಳನ್ನು ಸ್ವಲ್ಪ ಹೊತ್ತು ಕಳಿಸುತ್ತೀರಾ ಎಂದದ್ದಕ್ಕೆ ನಕ್ಕರು.

"ಅವಳ ಭಾಷೆಯಲ್ಲಿ ಕಲಿಲಿಕ್ಕೆ ಎಂತ ಉಂಟು ಮಾರಾಯ್ತಿ? ಶುಕ್ರವಾರ ನಾವು ಮಾಲಿಗೆ ಹೋಗ್ತೇವೆ, ಬರುವವರೆಗೆ ಇಟ್ಕೊಳ್ಳಿ."

ಸರಿತಾ ಒಂದು ಕ್ರಿಯಾಪದ ಹೇಳುವುದು, ಹಲೀಮಾ ಅದನ್ನಿಟ್ಟು ತನ್ನ ಊರಿನ ಮಾತಿನಲ್ಲಿ ವಾಕ್ಯ ಕಟ್ಟುವುದು. ಇದು ಅವರ ಕೆಲಸದ ರೀತಿ. ನನಗಾಗಿ ಸರಿತಾ ಅದನ್ನು ಇದ್ದ ಹಾಗೆಯೇ ಕನ್ನಡಕ್ಕೆ ತಿರುಗಿಸುತ್ತಿದ್ದಳು. "ಅಕ್ಕಿ ತೊಳೆಯಲ್ಪಟ್ಟಿತು. ಮೀನು ಹುರಿಯಲ್ಪಟ್ಟಿತು."

"ಅಯ್ಯೋ ದೇವರೇ, ಹೀಗೆ ಯಾರಾದ್ರೂ ಮಾತಾಡ್ತಾರಾ!" ಎಂದು ನಾನು ಬಿದ್ದು ಬಿದ್ದು ನಕ್ಕೆ. ನನ್ನನ್ನು ನೋಡಿ ಹಲೀಮಾಳೂ ನಕ್ಕಳು.

"ಕಿತ್ತುಕೊಳ್ಳು," ಎಂದಳು ಸರಿತಾ.

"ಫೋನು ಕಿತ್ತುಕೊಳ್ಳಲ್ಪಟ್ಟಿತು."

"ಮುಚ್ಚು."

"ಬಾಗಿಲು ಹೊರಗಿನಿಂದ ಮುಚ್ಚಲ್ಪಟ್ಟಿತು."

"ಸುಡು."

"ಇಸ್ತ್ರಿಪೆಟ್ಟಿಗೆಯಿಂದ ಕೈ ಸುಡಲ್ಪಟ್ಟಿತು."

"ಒಳ್ಳೊಳ್ಳೆ ವಾಕ್ಯ ಸಿಕ್ತಾ ಉಂಟು ಅಕ್ಕ," ಎಂದು ಸರಿತಾ ತಲೆ ತಗ್ಗಿಸಿ ಬರೆಯುತ್ತಲೇ ಇದ್ದಳು. "ಎಂಥ ವಾಕ್ಯವೇ ನಿಂದು! ಅವಳು ತನ್ನ ಕಥೆ ಹೇಳ್ತಿದ್ದಾಳೆ. ಸುಟ್ಟದ್ದು ಯಾರು ಅಂತ ಕೇಳು," ಎಂದೆ.

ಸರಿತಾ ಕೇಳಿದಳು. ಹಲೀಮಾ ಅಂಗಿಯ ತೋಳನ್ನು ಮುಂಗೈವರೆಗೆ ಎಳೆದುಕೊಂಡಳು. ಆಮೇಲೆ ನನ್ನ ಕೈ ಹಿಡಿದು ಹರುಕುಮುರುಕು ಹಿಂದಿಯಲ್ಲಿ, "ದೀದಿ, ಮೇಡಂ ಕೋ ಮತ್ ಬೋಲೋ, ಮೇಡಂಗೆ ಹೇಳಬೇಡಿ. ಊರಲ್ಲಿ ಮಗು ಇದೆ," ಎಂದು ಅತ್ತಳು. ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಶೈಲಕ್ಕ ಬಂದಿದ್ದರು.

ಮನಸ್ಸು ಕೇಳಲಿಲ್ಲ. ಶುಕ್ರವಾರ, ಶನಿವಾರದ ರಜೆ ಮುಗಿದು ಕಚೇರಿಗಳು ತೆರೆಯುವ ಭಾನುವಾರ ಅವಳ ದೇಶದ ದೂತಾವಾಸಕ್ಕೆ ಫೋನ್ ಮಾಡಿದೆವು. ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರು ಬೇಕೆಂದರು. ಅವಳನ್ನೇ ಕೇಳೋಣವೆಂದು ಎದುರು ಮನೆಯ ಬಾಗಿಲು ತಟ್ಟಿದರೆ ಶೈಲಕ್ಕ ತೆರೆದರು.

"ಅವಳಾ? ಏಜೆನ್ಸಿಗೆ ವಾಪಸ್ ಕೊಟ್ವಿ. ನಿಮ್ಮಲ್ಲಿಂದ ಬಂದ ಮೇಲೆ ಬರೀ ಅಳುದು. ಖಲಾಸ್. ಇನ್ನೊಬ್ಬಳು ಬರ್ತಾಳೆ."

"ಅವಳ ಕೈ ಸುಟ್ಟದ್ದು ಯಾರು ಶೈಲಕ್ಕ?"

"ನಿಂಗೆ ಯಾಕೆ ಇಲ್ಲದ ಉಸಾಬರಿ?" ಎಂದು ಬಾಗಿಲು ಹಾಕಿಕೊಂಡರು.

ಕಟ್ಟಡದ ವಾಚ್‌ಮನ್‌ನನ್ನು ವಿಚಾರಿಸಿ ಆ ಏಜೆನ್ಸಿಯವನ ಹತ್ತಿರ ಹೋಗಿ ಅಂಗಲಾಚಿದೆವು. ಅಬುಧಾಬಿಯ ಕಡೆ ಒಂದು ಮನೆಗೆ ಹೋಗಿದ್ದಾಳೆ, ವಿಳಾಸವಾಗಲಿ ಪೂರ್ತಿ ಹೆಸರಾಗಲಿ ಕೊಡುವ ಹಾಗಿಲ್ಲ ಎಂದ. ದೂತಾವಾಸದವರಿಗೆ ಅಷ್ಟನ್ನೇ ತಿಳಿಸಿದೆವು. ಬರೀ 'ಹಲೀಮಾ' ಎಂದರೆ ಅವರಾದರೂ ಎಲ್ಲಿ ಹುಡುಕಿಯಾರು?

ಸರಿತಾಳಿಗೆ ಡಾಕ್ಟರೇಟ್ ಬಂತು. ಆ ಮೂರು ವಾಕ್ಯ ಬಿಟ್ಟುಬಿಡುತ್ತೇನೆ ಎಂದಿದ್ದಳು; ಇಷ್ಟು ಸ್ಪಷ್ಟ ಉದಾಹರಣೆ ಬೇರೆ ಸಿಗದು ಎಂದು ಮಾರ್ಗದರ್ಶಕರು ಒಪ್ಪಲಿಲ್ಲವಂತೆ. ಈಗ ಅವು ಅಚ್ಚಾಗಿವೆ. ಓದಿದವರೆಲ್ಲ ಸರಿತಾಳ ವ್ಯಾಕರಣ ವಿವರಣೆಯನ್ನು ಮೆಚ್ಚಿದರಂತೆ. ಆ ಹೆಣ್ಣು ಬದುಕಿದ್ದಾಳಾ ಎಂದು ಕೇಳೋಣವೆಂದರೆ ಯಾರನ್ನು ಕೇಳಬೇಕೆಂದು ಇವತ್ತಿಗೂ ನನಗೆ ಗೊತ್ತಿಲ್ಲ.