ಶುಕ್ರವಾರದ ಕೆಂಡ

ನಮ್ಮ ತಾತ ಹದಿನೈದು ದಿನ ತುಟಿ ಬಿಚ್ಚಬಾರದು ಎಂದು ಡಾಕ್ಟರು ಹೇಳಿದ ಸಂಜೆ ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದರು.

(ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಮ್ಮ ಇವತ್ತಿಗೂ ವಾದಿಸುತ್ತಾಳೆ. ಶಾವಿಗೆ ಹಳೆಯದಾಗುತ್ತಿತ್ತಂತೆ.)

ಗಂಟಲಲ್ಲೊಂದು ಸಣ್ಣ ಗಂಟು. ಸಣ್ಣ ಆಪರೇಷನ್. ಗಾಬರಿಪಡುವಂಥದ್ದೇನಿಲ್ಲ. ಆದರೆ ಮಾತು ಪೂರ್ತಿ ಬಂದ್. ಪಿಸುಮಾತು ಕೂಡ ಆಡುವಂತಿಲ್ಲ. ಕೃಷ್ಣರಾಜನಗರದ ನಮ್ಮ ಬೀದಿಯಲ್ಲಿ ಇದನ್ನು ಯಾರೂ ನಂಬಲಿಲ್ಲ. ಎದುರುಮನೆಯವರು ಖುದ್ದು ಬಂದು ನೋಡಿಕೊಂಡು ಹೋದರು. ತಾತ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿದ್ದ. ಅವರು ಕೈ ಮುಗಿದರು. ದೇವರಿಗೋ ತಾತನಿಗೋ ಗೊತ್ತಾಗಲಿಲ್ಲ.

ಹೊಸ ಓದುಗರಿಗೆ ಒಂದು ಮಾತು. ನಾನು ಮಿಮಿಕ್ರಿ ಮಾಡುವವನು. ಮದುವೆ, ನಾಮಕರಣ, ಗೃಹಪ್ರವೇಶ, ಎಲ್ಲಿ ಮೈಕ್ ಸಿಕ್ಕರೂ ಬಿಡುವುದಿಲ್ಲ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಒಂದು ದಿನ ರಜೆ ಘೋಷಿಸಿದೆ. ಅವರು ತಮ್ಮದೇ ದನಿಯಲ್ಲಿ ನನಗೆ ಒಂದು ವಾರ ರಜೆ ಕೊಟ್ಟರು. ನನ್ನ ಸ್ವಂತ ದನಿ ಹೇಗಿದೆ ಎಂದು ಮಾತ್ರ ಕೇಳಬೇಡಿ. ಅದನ್ನು ಕೇಳಿದ ಇಬ್ಬರು ಹುಡುಗಿಯರ ಅಪ್ಪಂದಿರು ಫೋನ್ ಇಟ್ಟುಬಿಟ್ಟಿದ್ದಾರೆ.

ನನ್ನ ಸೂಪರ್ ಹಿಟ್ ಐಟಂ ಎಂದರೆ ನಮ್ಮ ತಾತನೇ. ಹೆಸರು ಚಿಕ್ಕೇಗೌಡ, ವಯಸ್ಸು ಎಂಬತ್ತರ ಆಸುಪಾಸು. ಹುಟ್ಟಿ ಬೆಳೆದದ್ದು ಚುಂಚನಕಟ್ಟೆ ಹತ್ತಿರದ ಹಳ್ಳಿಯಲ್ಲಿ. ಬಾಯಿ ತೆರೆದರೆ ಮೊದಲ ಮಾತು 'ನಮ್ ಕಾಲ್ದಲ್ಲಿ'. ನಮ್ಮ ಕಾಲದಲ್ಲಿ ಹೊಳೆ ನೀರನ್ನು ಬೊಗಸೆಯಲ್ಲೇ ಕುಡಿಯುತ್ತಿದ್ದೆವು. ನಮ್ಮ ಕಾಲದಲ್ಲಿ ಒಂದೇ ತಾನು ಬಟ್ಟೆ ತಂದು ಐದು ಮಕ್ಕಳಿಗೂ ಅಂಗಿ ಹೊಲಿಸುತ್ತಿದ್ದರು, ಜಾತ್ರೆಯಲ್ಲಿ ಕಳೆದುಹೋದರೆ ಅಂಗಿ ನೋಡಿಯೇ ಹುಡುಕಬಹುದಿತ್ತು. ನಮ್ಮ ಕಾಲದಲ್ಲಿ ಮೂರು ಮೈಲಿ ನಡೆದು ಸ್ಕೂಲಿಗೆ ಹೋಗುತ್ತಿದ್ದೆವು.

ಇದೆಲ್ಲದರ ತುದಿಗೆ ಕೆಂಡದ ಕಥೆ. ಅದನ್ನು ನಾನು ತಾತನ ಕೆಮ್ಮು, ತಾತನ ಟವೆಲ್, ತಾತನ ಎಡಗೈ ಬೀಸಿನ ಸಮೇತ ಮಾಡುತ್ತೇನೆ.

'ನಮ್ ಕಾಲ್ದಲ್ಲಿ ಬೆಂಕಿಪೊಟ್ಣ ಯಾವನ್ ಅಟ್ಟೀಲಿತ್ತು ಕಣ್ಲಾ? ರಾತ್ರಿ ಒಲೆ ಕೆಂಡುಕ್ಕೆ ಬೂದಿ ಮುಚ್ಚಿ ಮಡಗೋದು, ಬೆಳಗ್ಗೆ ಎದ್ದು ಊದೋದು. ಆರೋಗಿದ್ರೆ? ತೆಂಗಿನ್ ಚಿಪ್ಪು ಇಡ್ಕೊಂಡು ಪಕ್ಕದಟ್ಟಿಗೆ ಓಡೋದು! ಅಲ್ಲಿ ನಿಂಗಿ ಅಂತ ಒಂದು ಎಣ್ಮಗ. ನಗ್‌ನಗ್ತಾ ಕೆಂಡ ಆಕೋಳು. ವಾರ ಇಲ್ಲ, ವತ್ತಿಲ್ಲ! ಈಗ ವೈಫೈ ಪಾಸ್‌ವರ್ಡ್ ಕೇಳುದ್ರೂ ಮಕ ತಿರುಗುಸ್ತವೆ, ಥೂ!'

(ವೈಫೈ ನನ್ನ ಸೇರ್ಪಡೆ. ಥೂ ಮಾತ್ರ ಒರಿಜಿನಲ್.)

ತಾತನ ಆಪರೇಷನ್ನಿಗೆ ಸ್ವಲ್ಪ ಮುಂಚೆ ಹುಣಸೂರಿನ ಒಂದು ಮದುವೆಯಲ್ಲಿ ಇದನ್ನು ಮಾಡಿದೆ. ಯಾರೋ ವಿಡಿಯೋ ತೆಗೆದರು. ಅದು ಒಂದು ವಾಟ್ಸ್ಆ್ಯಪ್ ಗ್ರೂಪಿನಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೊರಟಿತು. ನಾನು ಲೈಕು ಎಣಿಸುತ್ತಾ ಕುಳಿತಿದ್ದೆ.

ಇತ್ತ ಮನೆಯಲ್ಲಿ ಮೌನ ಮೂರೇ ದಿನಕ್ಕೆ ಬೇಜಾರು ತರಿಸಿತು. ಟೀವಿಯಲ್ಲಿ ಡೈಲಾಗ್ ಎಲ್ಲ ಕೇಳಿಸತೊಡಗಿ ಅಮ್ಮನಿಗೆ ತನ್ನ ಸೀರಿಯಲ್ ಎಷ್ಟು ಕೆಟ್ಟದಾಗಿದೆ ಎಂದು ಗೊತ್ತಾಯಿತು. ಅಪ್ಪ ನನ್ನನ್ನು ಕರೆದು, 'ಬೆಳಗ್ಗೆ ಒಂದು ಸಲ ತಾತನ ಥರ ಬೈದುಬಿಡೋ, ಎಚ್ಚರವೇ ಆಗ್ತಿಲ್ಲ' ಎಂದರು. ತಾತನ ಕೈಗೆ ಅಕ್ಕನ ಮಗಳ ಸ್ಲೇಟು ಕೊಟ್ಟೆವು. ಬರೆದ. ಉಗುಳು ಹಚ್ಚಿ ಒರೆಸಿದ. ಮತ್ತೆ ಬರೆದ. 'ಮಾವ, ಬಟ್ಟೆ ಕೊಟ್ಟಿದ್ದೀನಲ್ಲ!' ಎಂದು ಅಮ್ಮ ಕಿರುಚಿದರೆ, ಸ್ಲೇಟಿನಲ್ಲಿ ಉತ್ತರ ಬಂತು: 'ನಮ್ ಕಾಲ್ದಲ್ಲಿ ಇಂಗೇ.'

ನೋಡಿದಿರಾ? ಗಂಟಲು ಮುಚ್ಚಿದರೂ ಕಾಲ ಮುಚ್ಚಲಿಲ್ಲ.

ಹನ್ನೊಂದನೆಯ ದಿನ, ಶುಕ್ರವಾರ, ಬಾಗಿಲಲ್ಲಿ ಒಬ್ಬ ಅಜ್ಜಿ. ಬಿಳಿ ತಲೆ, ಹಸಿರು ಸೀರೆ, ಕೈಯಲ್ಲಿ ಒಂದು ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಆಧಾರ್ ಕಾರ್ಡ್. ಹಂಪಾಪುರದಿಂದ ಮೈಸೂರು, ಮೈಸೂರಿನಿಂದ ನಮ್ಮೂರು. ಎರಡು ಫ್ರೀ ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು.

'ಚಿಕ್ಕನ ಮನೆ ಇದೇಯಾ?'

ತಾತನನ್ನು ಚಿಕ್ಕ ಎಂದು ಕರೆಯುವವರು ಈ ಭೂಮಿಯ ಮೇಲೆ ಇದ್ದಾರೆ ಎಂದೇ ನನಗೆ ಗೊತ್ತಿರಲಿಲ್ಲ. ತಾತ ಎದ್ದು ನಿಂತ. ಟವೆಲ್ ಕೆಳಗೆ ಬಿತ್ತು.

'ನಾನು ಕಣೋ, ನಿಂಗಿ. ನಗ್‌ನಗ್ತಾ ಕೆಂಡ ಆಕ್ತಿದ್ದೋಳು.'

ವಿಡಿಯೋ ಹಂಪಾಪುರ ಮುಟ್ಟಿತ್ತು. ಮೊಮ್ಮಗಳು ಫೋನಿನಲ್ಲಿ ತೋರಿಸಿದ್ದಳಂತೆ.

ನಾನು ಕಾಲಿಗೆ ಬಿದ್ದೆ. ಅಭಿಮಾನಿ ಮನೆಗೇ ಬಂದಿದ್ದಾರೆ ಅಂದುಕೊಂಡಿದ್ದೆ. ನನ್ನ ಬುದ್ಧಿ ಅಷ್ಟೇ.

ನಿಂಗಮ್ಮಜ್ಜಿ ಕುಳಿತಳು. ನೀರು ಕೊಟ್ಟರೆ ಮುಟ್ಟಲಿಲ್ಲ. 'ಮೊದ್ಲು ಕೇಳಕ್ಕೆ ಬಂದದ್ದ ಕೇಳ್ಬುಡ್ತೀನಿ. ಚಿಕ್ಕ, ಅವತ್ತು ಶುಕ್ರವಾರ. ಗ್ಯಾನ ಅದಾ?'

ತಾತ ಸ್ಲೇಟಿನ ಕಡೆ ನೋಡಿದ.

ಆಮೇಲೆ ಅವಳೇ ಹೇಳಿದಳು. ಹಳ್ಳಿಯಲ್ಲಿ ಯಾವ ದಿನ ಬೇಕಾದರೂ ಕೆಂಡ ಕೊಡುತ್ತಿದ್ದರು, ಮಂಗಳವಾರ ಶುಕ್ರವಾರ ಬಿಟ್ಟು. ಆ ಎರಡು ದಿನ ಮನೆಯ ಬೆಂಕಿ ಹೊಸ್ತಿಲು ದಾಟಿದರೆ ಲಕ್ಷ್ಮಿಯೂ ಹಿಂದೆಯೇ ಹೋಗುತ್ತಾಳೆ ಎಂಬ ನಂಬಿಕೆ. ಆ ಶುಕ್ರವಾರ ಬೆಳಗ್ಗೆ ಒಂಬತ್ತು ವರ್ಷದ ಚಿಕ್ಕ ಚಿಪ್ಪು ಹಿಡಿದು ಬಂದ. ಎಂಟು ವರ್ಷದ ನಿಂಗಿ ಆಗಲ್ಲ ಎಂದಳು. ಹಿತ್ತಿಲಲ್ಲಿ ಕರು ಕೂಗಿತು, ನೋಡಲು ಹೋದಳು. ಬರುವಷ್ಟರಲ್ಲಿ ಚಿಕ್ಕ ಇಲ್ಲ. ಒಲೆಯ ದೊಡ್ಡ ಕೆಂಡವೂ ಇಲ್ಲ. ಅಂಗಳದ ತುಂಬ ಬೂದಿ ಉದುರಿದ ಗೆರೆ, ನೆಟ್ಟಗೆ ಅವನ ಮನೆಗೆ.

'ನಮ್ಮವ್ವ ಗೆರೆ ಇಡ್ಕಂಡು ನಿಮ್ಮಟ್ಟಿಗೇ ಬಂದ್ಳು. ಯಾರ್ಲಾ ಕೊಟ್ಟೋರು ಅಂದ್ಳು. ನೀನು ಏನಂದೆ?'

ತಾತ ಬಿದ್ದಿದ್ದ ಟವೆಲ್ ಎತ್ತಿ ಮಡಚತೊಡಗಿದ.

'ನಿಂಗೀನೇ ಕರ್ದು ಕೊಟ್ಳು ಅಂದೆ. ನನ್ನ ಬೆನ್ ಮೇಲೆ ಊದುಗೊಳವೆ ಮುರೀತು. ಅದ್ ಓಗ್ಲಿ ಬುಡು, ಏಟು ಆರೋಯ್ತದೆ. ಆ ವರ್ಷನೇ ನಮ್ ಹಸ ಸತ್ತೋಯ್ತು. ನಾನು ಮದ್ವೆಯಾಗಿ ಹಂಪಾಪುರಕ್ಕೆ ಓಗೋಗಂಟ ನಮ್ಮವ್ವ ಯೋಳದ್ದೇ ಯೋಳದ್ದು, ಶುಕ್ರವಾರ ಬೆಂಕಿ ಕೊಟ್ಟ ಕೈ ಇದು ಅಂತ. ಸಾಯೋ ಮುಂದ್ಲೂ ನಂಬ್ಲಿಲ್ಲ ಕಣೋ. ಈಗ ಈ ಮುಂಡೇದು' ಎಂದು ನನ್ನ ಕಡೆ ಕೈ ತೋರಿಸಿದಳು, 'ಮೈಕ್‌ನಲ್ಲಿ ವಾರ ಇಲ್ಲ ವತ್ತಿಲ್ಲ ಅಂತ ಊರಿಗೆಲ್ಲ ಸಾರ್ತಾನೆ!'

ಮುಂಡೇದು ಎನ್ನುವುದು ನಾನೇ. ಒಪ್ಪಿಕೊಂಡೆ.

'ನಂಗೆ ಬೇರೆ ಏನೂ ಬೇಡ. ನಾನು ಕೊಡ್ಲಿಲ್ಲ ಅಂತ ನಿನ್ ಬಾಯಲ್ಲಿ ಒಂದ್ಸಲ ಯೋಳ್ಬುಡು. ಕೇಳ್ಕಂಡು ಓಯ್ತೀನಿ.'

ಹದಿನೈದು ದಿನದಲ್ಲಿ ಇನ್ನೂ ನಾಲ್ಕು ದಿನ ಬಾಕಿ ಇರುವಾಗಲೇ ಬರಬೇಕೆ ಈ ಅಜ್ಜಿ? ಅಮ್ಮ ಗಂಟಲು ತೋರಿಸಿ ವಿವರಿಸಿದಳು. ನಿಂಗಮ್ಮಜ್ಜಿ ತಾತನನ್ನು ಮೇಲಿಂದ ಕೆಳಗೆ ನೋಡಿದಳು. 'ಎಪ್ಪತ್ ವರ್ಷ ಮಾತಾಡ್ದ. ನಾನ್ ಬಂದಾಗ ಡಾಕ್ಟ್ರು ಬ್ಯಾಡ ಅಂದ್ರಾ?'

ತಾತ ಸ್ಲೇಟು ಎತ್ತಿದ. 'ನಂಗೆ ಓದಕ್ ಬರಲ್ಲ' ಎಂದಳು. 'ಇವ್ನು ನಿನ್ ದನೀಲಿ ಮಾತಾಡ್ತಾನಲ್ಲ, ಇವ್ನೇ ಓದ್ಲಿ. ನಿನ್ ದನೀಲೇ ಓದ್ಲಿ.'

ನನ್ನ ಜೀವಮಾನದ ಅತಿ ಸಣ್ಣ ಆಡಿಯನ್ಸ್.

ತಾತ ಬರೆದ: 'ಮರ್ತೋಗದೆ.'

ನಾನು ಕೆಮ್ಮಿ, ಎಡಗೈ ಬೀಸಿ, 'ಮರ್ತೋಗದೆ ಕಣವ್ವ!' ಎಂದೆ. ಪಕ್ಕಾ ತಾತ.

'ಸುಳ್ಳು' ಎಂದಳು ನಿಂಗಮ್ಮಜ್ಜಿ. 'ಮರ್ತೋನು ಕತೆ ಕಟ್ಟಾನಾ? ಎಲ್ಲಾ ಬದ್ಲಾಯ್ಸವ್ನೆ. ಮೂರ್ ಮೈಲಿ ನಡ್ದು ಸ್ಕೂಲ್‌ಗೆ ಓಯ್ತಿದ್ನಂತೆ! ಸ್ಕೂಲು ದೇವಸ್ಥಾನದ ಜಗಲಿ. ಇವ್ರ ಅಟ್ಟಿಯಿಂದ ಮೂರನೇದು.'

ಅಪ್ಪ ಗೋಡೆ ಕಡೆ ತಿರುಗಿದರು. ಅವರ ಹೆಗಲು ಕುಲುಕುತ್ತಿತ್ತು. ಆ ಮೂರು ಮೈಲಿಯ ಹೆಸರಲ್ಲಿ ಅವರಿಗೆ ಬಾಲ್ಯದಲ್ಲಿ ಸೈಕಲ್ ಕೊಡಿಸಿರಲಿಲ್ಲ.

ಮೂಡ್ ಸ್ವಲ್ಪ ಹಗುರವಾಯಿತಲ್ಲ ಎಂದು ನಾನು ನನ್ನ ಮೂರ್ಖತನ ಶುರುಮಾಡಿದೆ. ಸ್ಲೇಟಿನಲ್ಲಿ ಇಲ್ಲದ್ದನ್ನು ಓದಿದೆ. 'ಅಯ್ಯೋ ನಿಂಗಿ, ಚಿಕ್ ಉಡುಗ್ರಾಟ ಅದು! ಆ ಕಾಲ್ದಲ್ಲಿ ಏಟು ತಿನ್ನದೆ ಇರೋ ಮಗ ಯಾವ್ದಿತ್ತು? ನಗಾಡ್ಬುಡು ಅತ್ಲಾಗೆ!'

ಟಣ್! ತಾತ ಅಜ್ಜಿ ಮುಟ್ಟದೆ ಬಿಟ್ಟಿದ್ದ ನೀರಿನ ಲೋಟವನ್ನು ಬಳಪದ ಕೈಯಿಂದಲೇ ನೆಲಕ್ಕೆ ಕುಟ್ಟಿದ. ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಇದುವರೆಗೆ ಯಾವ ಮದುವೆಯಲ್ಲೂ ಅನುಕರಿಸಿಲ್ಲ.

ಆಮೇಲೆ ಸ್ಲೇಟಿನ ಮೇಲೆ ಬಾಗಿದ. ಬರೆದ, ಉಗುಳು ಹಚ್ಚಿ ಒರೆಸಿದ. ಮತ್ತೆ ಬರೆದ, ಮತ್ತೆ ಒರೆಸಿದ. ಬಟ್ಟೆ ಪಕ್ಕದಲ್ಲೇ ಇತ್ತು, ಈ ಸಲ ಅಮ್ಮ ಏನೂ ಅನ್ನಲಿಲ್ಲ. ಕೊನೆಗೆ ನನ್ನ ಕೈಗೆ ಕೊಟ್ಟ.

ನಾನು ಓದಿದೆ. 'ನೀನು ಕೊಡ್ಲಿಲ್ಲ. ನಾನೇ ಎತ್ಕಂಡೆ. ರಾತ್ರಿ ಬೂದೀಲಿ ಗೆಣಸು ಸುಟ್ಟು, ಕೆಂಡ ಮುಚ್ಚದೆ ಮಲಗಿದ್ದೆ, ಆರೋಗಿತ್ತು. ಅವ್ವನ ಏಟಿಗೆ ಎದ್ರಿ ಸುಳ್ಳೇಳ್ದೆ.'

'ಇದು ನಿನ್ ದನಿ' ಎಂದಳು ನಿಂಗಮ್ಮಜ್ಜಿ. 'ಅವನ ದನೀಲಿ ಯೋಳು.'

ನಿಜ. ಕೀರಲಾಗಿ, ಸಣ್ಣಗೆ, ನನ್ನದೇ ದನಿ ಬಂದುಬಿಟ್ಟಿತ್ತು. ಮತ್ತೆ ಓದಿದೆ. ಈ ಸಲ ಕೆಮ್ಮಲಿಲ್ಲ, ಕೈ ಬೀಸಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಸುಮ್ಮನೆ ತಾತನಾಗಿ ಓದಿದೆ. ಓದುವಾಗ ಪಕ್ಕದಲ್ಲಿ ತಾತನ ತುಟಿಗಳು ದನಿಯಿಲ್ಲದೆ ನನ್ನ ಜೊತೆಜೊತೆಗೆ ಅಲುಗುತ್ತಿದ್ದವು. ನಿಂಗಮ್ಮಜ್ಜಿ ನನ್ನನ್ನು ನೋಡುತ್ತಲೇ ಇರಲಿಲ್ಲ. ಆ ತುಟಿಗಳನ್ನೇ ನೋಡುತ್ತಿದ್ದಳು.

ಮುಗಿಯಿತು.

'ಅವ್ವನ ಏಟಿಗೆ ಎದ್ರಿದ್ನಂತೆ. ನಮ್ಮವ್ವ ನಂಗೇನು ಬೆಲ್ಲ ತಿನ್ನುಸ್ತಿದ್ಳಾ?' ಎಂದಳು ಅಜ್ಜಿ. ಕಣ್ಣೊರೆಸಿಕೊಂಡಳು. ಆಮೇಲೆ ಅಡುಗೆಮನೆ ಕಡೆ ತಿರುಗಿ, 'ಏನವ್ವ, ಕಾಪಿ ಗೀಪಿ ಕೊಡ್ತೀರೋ, ಇಂಗೇ ಕಳುಸ್ತೀರೋ?'

ಆಮೇಲೆ ನೋಡಬೇಕಿತ್ತು ನೀವು. ಎರಡು ಲೋಟ ಕಾಫಿ, ಮುದ್ದೆ, ಸೊಪ್ಪಿನ ಸಾರು, ಮೂರು ಗಂಟೆ ಮಾತು. ಎಲ್ಲಾ ಅವಳದೇ. ಹೊಳೆ ನೀರು ಕುಡಿದು ಚಿಕ್ಕನಿಗೆ ಎಷ್ಟು ಸಲ ಹೊಟ್ಟೆ ಕೆಟ್ಟಿತ್ತು, ಒಂದೇ ತಾನಿನ ಅಂಗಿಯಿಂದಾಗಿ ತಮ್ಮನ ಏಟನ್ನು ಚಿಕ್ಕನೂ, ಚಿಕ್ಕನ ಏಟನ್ನು ತಮ್ಮನೂ ಹೇಗೆ ತಿನ್ನುತ್ತಿದ್ದರು, ಎಲ್ಲ ಹೊರಗೆ ಬಂತು. ತಾತ ನಡುನಡುವೆ ಪ್ರತಿಭಟಿಸಿ ಬರೆಯುತ್ತಿದ್ದ. ನಾನು ಓದಲಿಲ್ಲ. ಬೇಕೆಂದೇ.

ಹೊರಡುವಾಗ ತಾತ ಒಳಗೆ ಹೋಗಿ ಏನನ್ನೋ ತಂದು ಅವಳ ಕೈಗಿಟ್ಟ. ನಮ್ಮ ಮನೆಯ ಗ್ಯಾಸ್ ಲೈಟರ್! ಎಪ್ಪತ್ತು ವರ್ಷದ ಹಿಂದಿನ ಕೆಂಡ ವಾಪಸ್.

ಅಜ್ಜಿ ಅದನ್ನು ತಿರುಗಿಸಿ ನೋಡಿದಳು. ಟಿಕ್ ಟಿಕ್ ಎಂದು ಒತ್ತಿ ಕಿಡಿ ನೋಡಿದಳು. ಬಾಯ್ತುಂಬ ನಕ್ಕಳು. ಇದ್ದದ್ದು ನಾಲ್ಕು ಹಲ್ಲು, ನಾಲ್ಕೂ ಕಂಡವು. ಲೈಟರನ್ನು ತಾತನ ಅಂಗೈಯೊಳಗೆ ವಾಪಸ್ ಇಟ್ಟು ಬೆರಳು ಮಡಚಿದಳು.

'ಮಡೀಕೋ ಮನೆಹಾಳ. ಇವತ್ತು ಶುಕ್ರವಾರ.'

ಈಗ ತಾತನ ದನಿ ವಾಪಸ್ ಬಂದಿದೆ. 'ನಮ್ ಕಾಲ್ದಲ್ಲಿ' ಮತ್ತೆ ಶುರುವಾಗಿದೆ. ಸ್ಕೂಲು ಮೂರು ಮೈಲಿಯಿಂದ ಒಂದೂವರೆ ಮೈಲಿಗೆ ಇಳಿದಿದೆ, ರಾಜಿ ಮಾತುಕತೆ ನಡೆಯುತ್ತಿದೆ. ಕೆಂಡದ ಕಥೆಯನ್ನು ಮಾತ್ರ ಊದುಗೊಳವೆಯ ಏಟಿನ ಸಮೇತ ಹೇಳುತ್ತಾನೆ. ನಾನೂ ಈಗ ಮೈಕ್‌ನಲ್ಲಿ ಹಾಗೇ ಮಾಡುತ್ತೇನೆ, ಹಂಪಾಪುರಕ್ಕೆ ಹೊಸ ವಿಡಿಯೋ ಕಳಿಸಿದ್ದೇನೆ. ಜನ ಮೊದಲಿಗಿಂತ ಕಡಿಮೆ ನಗುತ್ತಾರೆ, ನಿಂಗಮ್ಮಜ್ಜಿ ಮಾತ್ರ ದಿನಕ್ಕೆರಡು ಸಲ ಹಾಕಿಸಿಕೊಂಡು ನೋಡುತ್ತಾಳಂತೆ.

ಅಂದಹಾಗೆ, ನಿಮ್ಮ ಮನೆಯ 'ನಮ್ಮ ಕಾಲದಲ್ಲಿ' ಕಥೆಗಳಲ್ಲಿ ಯಾರ ಬೆನ್ನಿಗೆ ಬಿದ್ದ ಏಟು ಬಿಟ್ಟುಹೋಗಿದೆ, ಕೇಳಿದ್ದೀರಾ?