ಮುದುಕಿಯನ್ನು ಅಜ್ಜಿ ಮಾಡಿದ ದೀರ್ಘಕ್ಕ

ಲೇಬಲ್ ಅಚ್ಚು ಹಾಕುವ ಆ ಪ್ರೆಸ್ಸಿನಲ್ಲಿ ಕರಡು ತಿದ್ದುವವರನ್ನು ಎಲ್ಲರೂ ದೀರ್ಘಕ್ಕ ಎನ್ನುತ್ತಿದ್ದರು. ಬಿಟ್ಟುಹೋದ ಒಂದೇ ಒಂದು ದೀರ್ಘಕ್ಕಾಗಿ ಹತ್ತು ಸಾವಿರ ಶಾಂಪೂ ಲೇಬಲ್ಲುಗಳನ್ನು ರದ್ದಿಗೆ ಹಾಕಿಸಿದ ಪರಾಕ್ರಮಕ್ಕೆ ಸಂದ ಬಿರುದು ಅದು. ಆಯುಧ: ಕೆಂಪು ಪೆನ್ನು, ಮೂಗಿನ ತುದಿಯ ಕನ್ನಡಕ, ಇಪ್ಪತ್ತೆರಡು ವರ್ಷದ ಹಟ. ಅವರ ಸಹಿ ಬೀಳದೆ ಮೆಷಿನ್ ತಿರುಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪರದೇಶದ ಟೊಮೆಟೊ ಸಾಸಿನ ಕರಡು ಬಂತು. ತಲೆಗೆ ಬಟ್ಟೆ ಕಟ್ಟಿಕೊಂಡು ನಗುವ ವೃದ್ಧೆಯ ಫೋಟೊ. ಆ ಸಾಸನ್ನು ಮೊದಲು ಮಾಡಿದವರೇ ಅವರಂತೆ. ಅವರ ಭಾಷೆಯಲ್ಲಿ ಸಾಸಿನ ಹೆಸರಿಗೆ ಅಜ್ಜಿ ಎಂದೇ ಅರ್ಥ. ಇಲ್ಲಿ ಮಾತ್ರ ದಪ್ಪಕ್ಷರದಲ್ಲಿ: ಮುದುಕಿ ಸಾಸ್.

ದೀರ್ಘಕ್ಕ ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಆ ಪ್ರೆಸ್ಸಿನಲ್ಲಿ ಅದೇ ರಣಕಹಳೆ.

“ನಿಘಂಟಲ್ಲಿ ಎರಡೂ ಒಂದೇ ಅಕ್ಕ,” ಎಂದ ಸಾಸ್ ತರಿಸುವ ಏಜೆಂಟ್. “ಆ ಯಮ್ಮ ಏನು ನಮ್ಮ ಭಾಷೆ ಓದ್ತಾರಾ?”

“ಓದಲ್ಲ. ಅದಕ್ಕೇ ನಾನು ಓದ್ತಿರೋದು. ದೂರದವರು ಅಂದ ಮಾತ್ರಕ್ಕೆ ಯಾರ ಅಜ್ಜಿನೂ ಅಲ್ವೇನಪ್ಪಾ ಅವರು?”

ಮಾಲೀಕರು ಗಡಿಯಾರ ನೋಡಿದರು. “ದೀರ್ಘಕ್ಕ, ಮಧ್ಯಾಹ್ನಕ್ಕೆ ಮಾಲು ಹೋಗ್ಬೇಕು. ಸಹಿ ಹಾಕಿ, ಇಲ್ಲಾಂದ್ರೆ ನಾಳೆಯಿಂದ ಬರಬೇಡಿ.”

ದೀರ್ಘಕ್ಕ ಪೆನ್ನನ್ನು ಮೇಜಿನ ಮೇಲಿಟ್ಟೇಬಿಟ್ಟರೆಂದು ಮೆಷಿನ್ ನಡೆಸುವಾತ ಇಂದಿಗೂ ಹೇಳುತ್ತಾನೆ. ಮನೆ ನಡೆಯುತ್ತಿದ್ದುದೇ ಅವರ ಸಂಬಳದಲ್ಲಿ. ಆದರೆ ಕುರ್ಚಿ ಅಲುಗಲಿಲ್ಲ.

“ಆಗ್ಲಿ. ಹೋಗೋ ಮುಂಚೆ ಒಂದು ಪರೀಕ್ಷೆ. ನಿಮ್ಮ ತಾಯಿಗೆ ಫೋನ್ ಮಾಡಿ, ಲೇಬಲ್ಲಲ್ಲಿರೋ ಹಾಗೇ ಕರೀರಿ. ಅವರು ‘ಏನಪ್ಪಾ’ ಅಂದ್ರೆ ಈಗ್ಲೇ ಸಹಿ.”

ಮಾಲೀಕರೂ ಶೂರರೇ. ಸ್ಪೀಕರ್ ಒತ್ತಿದರು. “ಏನ್ ಮುದುಕಿ, ತಿಂಡಿ ಆಯ್ತಾ?”

ಆ ಕಡೆಯಿಂದ, “ಯಾರದು, ನನ್ನ ಮಗನ ಫೋನ್ ಕದ್ದಿರೋದು?”

“ನಾನೇ ಅಮ್ಮ.”

“ಹೌದಾ? ಸಂಜೆ ಮನೆಗೆ ಬಾ. ಮುದುಕಿ ಮಾತಾಡ್ತಾಳೆ.”

ಮೆಷಿನ್ ನಡೆಸುವಾತ ರಟ್ಟಿನ ಪೆಟ್ಟಿಗೆಯೊಳಗೆ ತಲೆ ತೂರಿಸಿ ನಕ್ಕ. ಮಾಲೀಕರು ಬೆವರೊರೆಸಿಕೊಂಡು ಏಜೆಂಟನತ್ತ ತಿರುಗಿದರು. “ಅಜ್ಜಿ ಅಂತ ಹಾಕಯ್ಯ.”

“ಸರಿ, ಅಜ್ಜಿ ಸಾಸ್,” ಎಂದ ಏಜೆಂಟ್ ಮುಖ ಊದಿಸಿಕೊಂಡು. “ಈಗ್ಲಾದ್ರೂ ಸಹಿ ಹಾಕ್ತೀರಾ?”

ಕೆಂಪು ಪೆನ್ನು ಒರೆಯಿಂದ ಹೊರಬಂದು ನೇರ ಕೆಳಗಿನ ಸಾಲಿಗೆ ನುಗ್ಗಿತು.

“‘ಮುದುಕಿಯ ರುಚಿ ಸವಿಯಿರಿ’ ಅಂತಿದೆ ಇಲ್ಲಿ. ಅಜ್ಜಿ ಅಂತ ತಿದ್ದಿದ್ರೂ ಅವರನ್ನೇ ತಿಂದ ಹಾಗಾಗುತ್ತಲ್ಲಪ್ಪ.”

ನಡುವೆ ಒಂದು ‘ಕೈ’ ಸೇರಿಸಿದರು: ಅಜ್ಜಿಯ ಕೈರುಚಿ. ಆಮೇಲಷ್ಟೇ ಸಹಿ ಬಿತ್ತು, ಮೆಷಿನ್ ತಿರುಗಿತು. ಮೊದಲ ಲೇಬಲ್ಲನ್ನು ಮಾಲೀಕರು ಮಡಿಸದೆ ಜೇಬಿಗಿಟ್ಟುಕೊಂಡರು. ಸಂಜೆ ಮನೆಯಲ್ಲಿ ತೋರಿಸಬೇಕಿತ್ತು.