ಆಕಾಶದ ಕೆಲಸಕ್ಕೆ ಪಾತಾಳಕ್ಕೆ ಇಳಿದವರು

ಗಂಡನ ಉದ್ಯೋಗವೇನೆಂದು ಒಂದೇ ಮಾತಿನಲ್ಲಿ ಹೇಳಲಾರದ ಹೆಂಗಸಿಗೆ ಹೊಸ ಬಡಾವಣೆಯಲ್ಲಿ ಬಾಳುವುದು ಎಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ. ಅರವತ್ತರ ದಶಕದ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪಕ್ಕದ ಮನೆಯ ಪುಟ್ಟಮ್ಮನವರು ಅವೇ ಸೈಟುಗಳಲ್ಲಿ ಹಿಂದೆ ರಾಗಿ ಬೆಳೆದವರು. ನಮ್ಮವರದು ಏನು ಕೆಲಸವೆಂದು ಒಮ್ಮೆ ಕೇಳಿದರು. ವಿಶ್ವಕಿರಣಗಳು ಆಕಾಶದಿಂದ ಸುರಿಯುತ್ತವೆ, ಆದರೆ ಬರುವ ದಾರಿಯಲ್ಲೇ ಡೊಂಕಾಗುವುದರಿಂದ ತವರು ಯಾವುದೆಂದು ತಿಳಿಯದು. ನ್ಯೂಟ್ರಿನೊ ಎಂಬ ಕಣ ಮಾತ್ರ ನೆಟ್ಟಗೆ ಬರುತ್ತದೆ, ಅದು ಸಿಕ್ಕರೆ ತವರಿನ ದಿಕ್ಕೂ ಸಿಕ್ಕೀತು. ಮಿಕ್ಕ ಕಣಗಳ ಗದ್ದಲವನ್ನು ಬಂಡೆ ತಡೆಯಲೆಂದು ನಮ್ಮವರು ಚಿನ್ನದ ಗಣಿಯ ತಳದಲ್ಲಿ ಯಂತ್ರವಿಟ್ಟು ಕಾಯುತ್ತಾರೆ ಎಂದು ನನ್ನ ಅರೆಬೆಂದ ವಿದ್ಯೆಯನ್ನೆಲ್ಲ ಬಡಿಸಿದಾಗ, ಆಕೆ ನಕ್ಕು, ಆಕಾಶ ನೋಡೋಕೆ ಬಾವಿಗಿಳಿಯೋರನ್ನ ಕಟ್ಕೊಂಡಿದ್ದೀರಿ ಎಂದಿದ್ದರು.

ಒಂದು ಬೆಳಿಗ್ಗೆ ರೇಡಿಯೊದಲ್ಲಿ ಸುದ್ದಿ ಬಂತು: ಗಣಿಯಲ್ಲಿ ಬಂಡೆ ಸಿಡಿದಿದೆ. ಆ ವಾರ ನಮ್ಮವರು ಅಲ್ಲೇ ಇದ್ದರು. ಸಿಕ್ಕಿಬಿದ್ದವರ ಹೆಸರುಗಳನ್ನು ಹೇಳಲಿಲ್ಲ. ನಮ್ಮ ರಸ್ತೆಗೆಲ್ಲ ಟೆಲಿಫೋನಿದ್ದದ್ದು ಡಾಕ್ಟರ ಮನೆಯಲ್ಲೊಂದೇ. ಅಲ್ಲಿಗೆ ಓಡಿ ಗಣಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಲೈನಿಗಾಗಿ ಕಾಯುತ್ತ ಕುಳಿತೆ. ಹಿಂದೆಯೇ ಬಂದ ಪುಟ್ಟಮ್ಮನವರು ನನ್ನ ಕೈ ಹಿಡಿದುಕೊಂಡರು. ಸಂಸ್ಕೃತ ಎಂ.ಎ. ಓದಿದ ನನಗೆ ಒಂದು ಶ್ಲೋಕವೂ ನೆನಪಾಗಲಿಲ್ಲ. ಒಲೆ ಆರಿಸಿ ಬಂದೆನೋ ಇಲ್ಲವೋ ಎಂಬ ಚಿಂತೆಯೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಮಧ್ಯಾಹ್ನ ಲೈನು ಸಿಕ್ಕಿತು. ತಾನು ಮೇಲೆ ಬಂದಿದ್ದೇನೆಂದು ಅವರೇ ಹೇಳಿದರು. ಮರುಕ್ಷಣವೇ, ಯಂತ್ರ ನೋಡಿಕೊಳ್ಳುವ ಸೆಲ್ವರಾಜ್ ಕೆಳಗೇ ಉಳಿದಿದ್ದಾನೆ ಎಂದರು. ಅವನನ್ನು ಹುಡುಕಲು ಹೊರಟವರಿಗೆ ಯಂತ್ರದ ಸುರಂಗದ ದಾರಿ ಗೊತ್ತಿರಲಿಲ್ಲ, ಅದನ್ನು ಬಲ್ಲವರು ನಮ್ಮವರೊಬ್ಬರೇ.

"ನೀನು ಬೇಡ ಅಂದ್ರೆ ಇಳಿಯೋಲ್ಲ" ಎಂದರು.

ಬೇಡ ಎನ್ನಲೆಂದೇ ಬಾಯಿ ತೆರೆದೆ. ಸೆಲ್ವರಾಜನ ಹೆಂಡತಿಯನ್ನು ನಾನು ನೋಡಿರಲಿಲ್ಲ. ಆದರೆ ಅವಳೂ ಹೀಗೆಯೇ ಎಲ್ಲೋ ಕಾಯುತ್ತ ಕೂತಿದ್ದಾಳೆಂದು ಆ ಕ್ಷಣ ಕಣ್ಣಿಗೆ ಕಟ್ಟಿತು.

"ಹೋಗಿ ಬನ್ನಿ" ಎಂದೆ. ಟ್ರಂಕ್ ಕಾಲಿಗೆ ಕೊಟ್ಟ ಮೂರು ನಿಮಿಷ ಮುಗಿದು ಲೈನು ಕಡಿದುಹೋಯಿತು.

ರಿಸೀವರ್ ಇಟ್ಟ ಮೇಲೆ ನನ್ನನ್ನು ನಾನೇ ಎಷ್ಟು ಶಪಿಸಿಕೊಂಡೆನೋ! ಮನೆಗೆ ಹೋಗಲಿಲ್ಲ, ಡಾಕ್ಟರ ಹೆಂಡತಿ ಕೊಟ್ಟ ಕಾಫಿ ಮುಟ್ಟಲಿಲ್ಲ. ಸಂಜೆ ಫೋನು ಗಂಟೆ ಬಾರಿಸಿದಾಗ ನಾನು ಕೂತಲ್ಲಿಂದ ಏಳಲಿಲ್ಲ. ಅದುವರೆಗೆ ಫೋನು ಮುಟ್ಟಿಯೇ ಗೊತ್ತಿಲ್ಲದ ಪುಟ್ಟಮ್ಮನವರು ಎದ್ದು ಹೋಗಿ ರಿಸೀವರನ್ನು ಕಿವಿಗೊತ್ತಿಕೊಂಡು ಕೇಳಿದರು. ಆಮೇಲೆ ನನ್ನತ್ತ ತಿರುಗಿ ಎರಡು ಬೆರಳೆತ್ತಿದರು. ಇಬ್ಬರೂ ಮೇಲೆ ಬಂದಿದ್ದರು.

ಮತ್ತೆ ಫೋನಿಗೆ ಬಾಯಿಟ್ಟು ನಮ್ಮವರಿಗೆ, ದಿನವೂ ಬೇಲಿಯಾಚೆಯಿಂದ ವಿಚಾರಿಸುವ ದನಿಯಲ್ಲೇ, "ಊಟ ಆಯ್ತಾ ಸಾರ್?" ಎಂದರು.

ಅಲ್ಲಿಯತನಕ ಗಟ್ಟಿಯಾಗಿದ್ದ ಮನುಷ್ಯ ಆ ಪ್ರಶ್ನೆಗೆ ಅತ್ತದ್ದು, ದೂರದಲ್ಲಿ ಕೂತಿದ್ದ ನನಗೂ ಕೇಳಿಸಿತು.